ವ್ಯಕ್ತಿ ಮತ್ತು ಗುಂಪು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯ ಹಳ್ಳಿಗಳಲ್ಲಿ ಹೊಸಬನೊಬ್ಬನು ಬಂದರೆ, ಅವನ ಹೆಸರಿಗಿಂತ ಮೊದಲು 'ಯಾರ ಪೈಕಿ?' ಎಂದು ಕೇಳುವುದುಂಟು. ಊರು, ಮನೆತನ, ಅಡ್ಡಹೆಸರು ತಿಳಿದ ಮೇಲೆಯೇ ಮಾತು ಮುಂದುವರಿಯುತ್ತದೆ. ಕೃಷ್ಣಾ, ದೂಧಗಂಗಾ ದಂಡೆಯ ಒಕ್ಕಲುತನಕ್ಕೆ ಕೂಡುಕುಟುಂಬವು ಬಹುಕಾಲ ಆಧಾರವಾಗಿತ್ತು. ಹೊಲ ಮನೆತನದ್ದು, ಎತ್ತು ಮನೆತನದ್ದು. ಮದುವೆಯ ಮಾತೂ ಮನೆತನದ್ದೇ. ಶೇಡಬಾಳದ ಮಿರ್ಜಿ ಅಣ್ಣಾರಾಯರು 'ನಿಸರ್ಗ' ಕಾದಂಬರಿಯಲ್ಲಿ ಚಿತ್ರಿಸಿದ್ದು ಈ ಭಾಗದ ಜೈನ ಒಕ್ಕಲು ಮನೆತನದ ಬದುಕನ್ನು. ಇಂತಹ ಬದುಕಿನಲ್ಲಿ ಆಸರೆಯೂ ಉಂಟು, ಬಂಧನವೂ ಉಂಟು. ಹಾಗಾದರೆ ಮನೆತನವು ಸಾಕಿ ಸಲಹಿದ ಜೀವಕ್ಕೆ ತನ್ನದೇ ಆದ ಬೆಲೆ ಇಲ್ಲವೆ?

ಈ ಪ್ರಶ್ನೆಯನ್ನು ಕನ್ನಡ ಕಾದಂಬರಿಯಲ್ಲಿ ಆಳವಾಗಿ ಕೆದಕಿದವರಲ್ಲಿ ಕುವೆಂಪು ಪ್ರಮುಖರು. 1936ರಲ್ಲಿ ಪ್ರಕಟವಾದ 'ಕಾನೂರು ಹೆಗ್ಗಡಿತಿ'ಯ ಹೂವಯ್ಯನು ಮೈಸೂರಿನಲ್ಲಿ ಓದಿ ಮಲೆನಾಡಿನ ತನ್ನ ಮನೆಗೆ ಮರಳುತ್ತಾನೆ. ಅಲ್ಲಿ ಚಿಕ್ಕಪ್ಪ ಚಂದ್ರಯ್ಯಗೌಡರ ಮಾತೇ ಕಟ್ಟಳೆ. ಆ ದರ್ಪಕ್ಕೂ ಹೂವಯ್ಯನ ವಿಚಾರಶೀಲತೆಗೂ ಹೊಂದಿಕೆಯಾಗುವುದಿಲ್ಲ. ಕೊನೆಗೆ ಮನೆ ಪಾಲಾಗುತ್ತದೆ. ಹೂವಯ್ಯನು ತಾಯಿಯೊಡನೆ ಕೆಳಕಾನೂರಿಗೆ ಹೋಗುತ್ತಾನೆ. ಮನೆಯಿಂದ ಬೇರೆಯಾದರೂ ಅವನು ಮನುಷ್ಯರಿಂದ ಬೇರೆಯಾಗಲಿಲ್ಲವೆಂಬುದನ್ನು ಮರೆಯಬಾರದು.

1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಈ ದೃಷ್ಟಿ ಇನ್ನಷ್ಟು ವಿಸ್ತಾರವಾಗಿದೆ. ಒಡೆಯನ ಮನೆಯ ಜೀತದಾಳಾದ ಗುತ್ತಿಯು ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುತ್ತಾನೆ. ಗೌಡರ ಮನೆಯ ಚಿನ್ನಮ್ಮ ಒಲ್ಲದ ಮದುವೆಯಿಂದ ಪಾರಾಗಲು ಇರುಳಿನಲ್ಲಿ ಮನೆ ಬಿಡುತ್ತಾಳೆ. ಗುತ್ತಿಯ ನಾಯಿ ಹುಲಿಯನಿಗೂ ಇಲ್ಲಿ ಪಾತ್ರದ ಘನತೆಯಿದೆ. ಒಡೆಯನ ಸಂಕಟ ದೊಡ್ಡದು, ಆಳಿನದು ಚಿಕ್ಕದು ಎಂಬ ಎಣಿಕೆ ಈ ಕಾದಂಬರಿಗೆ ಒಪ್ಪಿಗೆಯಿಲ್ಲ.

ಕುವೆಂಪು ಅವರ ವಿಚಾರ ಸಾಹಿತ್ಯವು ಇದೇ ನೆಲೆಯಿಂದ ಬೆಳೆದುದು. ಹುಟ್ಟುವ ಪ್ರತಿಯೊಂದು ಮಗುವೂ ವಿಶ್ವಮಾನವನೇ. ಜಾತಿ, ಮತ, ದೇಶಗಳ ಕಟ್ಟುಗಳು ಅದನ್ನು ಕಿರಿದುಗೊಳಿಸುತ್ತವೆ ಎಂಬುದು ಅವರ ನಿಲುವು. ಮತವು ಹುಟ್ಟಿನಿಂದ ಬರುವ ಗುಂಪಿನ ಸೊತ್ತಾಗಬಾರದು. ಒಬ್ಬೊಬ್ಬನೂ ತನ್ನ ಮತವನ್ನು ತಾನೇ ಕಂಡುಕೊಳ್ಳಬೇಕು. ಹಾಗೆ ಕಂಡುಕೊಂಡವನು ಅದರ ಸುತ್ತ ಮತ್ತೊಂದು ಗುಂಪನ್ನು ಕಟ್ಟಬಾರದು. ಈ ಕೊನೆಯ ಮಾತೇ ಎಲ್ಲಕ್ಕಿಂತ ಕಠಿನವಾದುದು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದೆ, ಪುರೋಹಿತರಿಲ್ಲದೆ, 'ಮಂತ್ರಮಾಂಗಲ್ಯ'ದ ಕ್ರಮದಲ್ಲಿ ನೆರವೇರಿಸಿ ಅವರು ಈ ವಿಚಾರವನ್ನು ಸ್ವಂತ ಮನೆಯಲ್ಲಿ ಆಚರಣೆಗೆ ತಂದರು.

ಕುವೆಂಪು ಜನಿಸಿದ್ದು 1904ರಲ್ಲಿ. ಅದರ ಮರುವರ್ಷ ರಷ್ಯಾದಲ್ಲಿ ಜನಿಸಿದ ಅಯ್ನ್ ರ‍್ಯಾಂಡ್ ಎಂಬ ಲೇಖಕಿಯೂ ವ್ಯಕ್ತಿಯನ್ನೇ ತನ್ನ ಕಾದಂಬರಿಗಳ ಕೇಂದ್ರವಾಗಿ ಮಾಡಿಕೊಂಡಳು. ಕ್ರಾಂತಿಯ ನಂತರ ಸರ್ಕಾರವು ತಂದೆಯ ಔಷಧದ ಅಂಗಡಿಯನ್ನು ವಶಪಡಿಸಿಕೊಂಡುದನ್ನು ಬಾಲ್ಯದಲ್ಲಿ ಕಂಡ ಆಕೆ 1926ರಲ್ಲಿ ಅಮೆರಿಕಕ್ಕೆ ಹೋದಳು. 1943ರಲ್ಲಿ ಪ್ರಕಟವಾದ ಆಕೆಯ 'ದಿ ಫೌಂಟನ್‌ಹೆಡ್' ಕಾದಂಬರಿಯ ನಾಯಕನು ಒಬ್ಬ ವಾಸ್ತುಶಿಲ್ಪಿ. ತನ್ನ ನಕ್ಷೆಯನ್ನು ಇತರರು ವಿರೂಪಗೊಳಿಸಿ ಕಟ್ಟಿದ ಕಟ್ಟಡವನ್ನು ಅವನು ಸಿಡಿಸಿಬಿಡುತ್ತಾನೆ! ಮನುಷ್ಯನು ಬದುಕಬೇಕಾದುದು ತನಗಾಗಿ; ವಿವೇಚನೆಯೇ ಅವನ ದಾರಿದೀಪ; ಪರರಿಗಾಗಿ ತನ್ನನ್ನು ಬಲಿಕೊಡುವುದು ಧರ್ಮವಲ್ಲ ಎಂದು ರ‍್ಯಾಂಡ್ ವಾದಿಸಿದಳು. ಆಕೆಯ ಬರಹಗಳನ್ನು ಮೆಚ್ಚಿದವರೂ ಖಂಡಿಸಿದವರೂ ಬಹುಮಂದಿ. ಹಸುಳೆ, ರೋಗಿ, ಮುದುಕರ ಪಾಲನೆಗೆ ಈ ತತ್ತ್ವದಲ್ಲಿ ಎಷ್ಟು ಎಡೆಯಿದೆ ಎಂಬ ಟೀಕಾಕಾರರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕುವೆಂಪು ಅವರ ಪಂಚಮಂತ್ರಗಳಲ್ಲಿ 'ಸರ್ವೋದಯ'ವೂ ಒಂದು. ಎಲ್ಲರ ಏಳಿಗೆಯನ್ನು ಬಿಟ್ಟು ಒಬ್ಬನ ಬಿಡುಗಡೆಯನ್ನು ಅವರು ಊಹಿಸಲಿಲ್ಲ.

ರ‍್ಯಾಂಡ್ ಅಮೆರಿಕಕ್ಕೆ ಹೋಗುವ ಹಿಂದಿನ ವರ್ಷ, 1925ರ ಏಪ್ರಿಲಿನಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಿಪ್ಪಾಣಿಯಲ್ಲಿ ಬಹಿಷ್ಕೃತ ವರ್ಗಗಳ ಪರಿಷತ್ತು ನಡೆಯಿತು. ಡಾ. ಬಿ. ಆರ್. ಅಂಬೇಡ್ಕರ್ ಅಲ್ಲಿಗೆ ಬಂದು ಮಾತನಾಡಿದರು. 'ಯಾರ ಪೈಕಿ?' ಎಂಬ ಪ್ರಶ್ನೆಗೆ ಉತ್ತರ ಕೊಟ್ಟೊಡನೆ ಬಾವಿಯ ನೀರು, ಗುಡಿಯ ಬಾಗಿಲು ಎರಡೂ ಯಾರಿಗೆ ನಿಷಿದ್ಧವಾಗುತ್ತಿದ್ದವೋ, ಆ ಜನರ ಸಭೆ ಅದು. ಮನುಷ್ಯರೆಂದು ಒಬ್ಬೊಬ್ಬರಾಗಿ ಎಣಿಸಿಕೊಳ್ಳುವುದಕ್ಕಾಗಿ ಅವರು ಗುಂಪಾಗಿ ಸೇರಬೇಕಾಯಿತು. ಒಂಟಿಯಾಗಿ ನಿಂತು ಗೆಲ್ಲುವ ರ‍್ಯಾಂಡಳ ನಾಯಕನಿಗೆ ಇಂತಹ ಇಕ್ಕಟ್ಟು ತಿಳಿಯದು.

ಇಪ್ಪತ್ತಮೂರು ವರ್ಷಗಳ ನಂತರ, 1948ರ ನವೆಂಬರ್ 4ರಂದು, ಅದೇ ಅಂಬೇಡ್ಕರ್ ಅವರು ಸಂವಿಧಾನದ ಕರಡನ್ನು ಸಂವಿಧಾನ ಸಭೆಯ ಮುಂದಿಟ್ಟರು. ಆ ಕರಡು ಗ್ರಾಮವನ್ನು ಬಿಟ್ಟು ವ್ಯಕ್ತಿಯನ್ನೇ ತನ್ನ ಘಟಕವಾಗಿ ಸ್ವೀಕರಿಸಿದೆಯೆಂದು ಅವರು ಅಂದಿನ ಭಾಷಣದಲ್ಲಿ ಸಂತೋಷದಿಂದ ಹೇಳಿದರು.