ತಂದೆತನದ ಪಾಠ

ತಂದೆಯೆಂದರೆ ಹೊರಗೆ ದುಡಿಯುವವನು, ತಾಯಿಯೆಂದರೆ ಒಳಗೆ ಸಾಕುವವಳು ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಹಸುಗೂಸನ್ನು ಎತ್ತಿ ಆಡಿಸುವುದು ಗಂಡಸಿಗೆ ತಕ್ಕ ಕೆಲಸವಲ್ಲವೆಂದು ತಿಳಿದವರೂ ಉಂಟು. ಆದರೆ ಕೊಪ್ಪಳ ಸೀಮೆಯ ಜನಜೀವನವನ್ನೂ ವಿದ್ವಾಂಸರ ಸಂಶೋಧನೆಗಳನ್ನೂ ಜೊತೆಗಿಟ್ಟು ನೋಡಿದರೆ ಈ ನಂಬಿಕೆ ಪೂರ್ಣ ಸತ್ಯವಲ್ಲವೆಂಬುದು ಮನದಟ್ಟಾಗುತ್ತದೆ.

ಕೊಪ್ಪಳಕ್ಕೆ ಸಮೀಪದ ಕಿನ್ನಾಳವು ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರ ಮನೆತನಗಳಲ್ಲಿ ಮನೆಯೇ ಕಾರ್ಯಾಗಾರ. ಹಗುರವಾದ ಮರವನ್ನು ಕೆತ್ತುವುದು, ಹುಣಸೆ ಬೀಜದ ಅಂಟನ್ನು ಸಿದ್ಧಪಡಿಸುವುದು, ಬಣ್ಣ ಬಳಿಯುವುದು ಎಲ್ಲವೂ ಮಕ್ಕಳ ಕಣ್ಣೆದುರಿಗೇ ನಡೆಯುತ್ತವೆ. ತಂದೆಯ ಪಕ್ಕದಲ್ಲಿ ಕುಳಿತ ಮಗು ಕಸುಬಿನೊಡನೆ ಅವನ ತಾಳ್ಮೆಯನ್ನೂ ಕಲಿಯುತ್ತದೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಕವಿ ಸಿದ್ಧಯ್ಯ ಪುರಾಣಿಕರ ತಂದೆ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು. ಆ ಮನೆಯಲ್ಲಿ ಬೆಳೆದ ಸಿದ್ಧಯ್ಯನವರೂ ಅವರ ತಮ್ಮ ಅನ್ನದಾನಯ್ಯನವರೂ ಮುಂದೆ ಬರಹಗಾರರಾದರು.

ಎಲ್ಲ ಮಕ್ಕಳಿಗೂ ಇಂತಹ ಸಾಮೀಪ್ಯ ದೊರೆಯುವುದಿಲ್ಲ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆ ನೀರುಣಿಸುತ್ತದೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ರೈತರು ಮಳೆಯನ್ನೇ ನಂಬಬೇಕು. ಮಳೆ ಕೈಕೊಟ್ಟ ವರ್ಷ ಅನೇಕರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಅಜ್ಜಿಯ ಆಸರೆಯಲ್ಲಿ ಉಳಿದ ಮಗುವಿಗೆ ಅಪ್ಪನೆಂದರೆ ಹಬ್ಬಕ್ಕೆ ಬರುವ ಅತಿಥಿ. ಅವನ ದುಡಿಮೆಯೂ ಮಮತೆಯೇ; ಆದರೆ ಮಗುವಿನ ಮೊದಲ ನುಡಿ, ಮೊದಲ ಹೆಜ್ಜೆಗಳ ಸುಖ ಅವನ ಪಾಲಿಗಿಲ್ಲ.

ಈ ಸಾಮೀಪ್ಯದ ಬೆಲೆಯನ್ನು ವಿದ್ವಾಂಸರೂ ಗುರುತಿಸಿದ್ದಾರೆ. ಮಧ್ಯ ಆಫ್ರಿಕದ ಕಾಡುಗಳಲ್ಲಿ ವಾಸಿಸುವ ಅಕಾ ಜನರನ್ನು ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ ಅಭ್ಯಸಿಸಿ, 1991ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿಯ ತಂದೆಯರು ದಿನದ ಸುಮಾರು ಶೇಕಡಾ 47 ಭಾಗ ಕೂಸನ್ನು ಎತ್ತಿಕೊಂಡಿರುತ್ತಾರೆ ಅಥವಾ ಅದರ ಕೈಯಳತೆಯಲ್ಲೇ ಇರುತ್ತಾರೆ. ಗಂಡಹೆಂಡಿರು ಕೂಡಿಯೇ ಬಲೆ ಬೀಸಿ ಬೇಟೆಯಾಡುವುದು ಇದಕ್ಕೆ ಒಂದು ಕಾರಣ. ಫಿಲಿಪ್ಪೀನ್ಸ್ ದೇಶದ ಸೆಬು ಪ್ರದೇಶದಲ್ಲಿ 624 ತರುಣರನ್ನು ಕುರಿತು ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಸಂಗತಿಯನ್ನು ತೋರಿಸಿತು. ತಂದೆಯಾದವರಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನಿನ ಪ್ರಮಾಣ ಗಣನೀಯವಾಗಿ ತಗ್ಗಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕಾಲ ಮಗುವಿನ ಆರೈಕೆ ಮಾಡುವವರಲ್ಲಿ ಅದು ಇನ್ನೂ ಕಡಮೆಯಿತ್ತು. ಮಗುವನ್ನು ಸಲಹುವ ಕಾರ್ಯಕ್ಕೆ ಗಂಡಸಿನ ದೇಹವೂ ಹೊಂದಿಕೊಳ್ಳುತ್ತದೆಂಬುದಕ್ಕೆ ಇದು ನಿದರ್ಶನ.

ತಂದೆತನವು ಹುಟ್ಟಿನಿಂದ ದೊರೆಯುವ ಪದವಿ ಮಾತ್ರವಲ್ಲ, ಒಡನಾಟದಿಂದ ಕಲಿಯಬೇಕಾದ ವಿದ್ಯೆ. ಅದಕ್ಕೆ ಪ್ರೀತಿಯೊಂದೇ ಸಾಲದು, ಬಿಡುವೂ ಬೇಕು, ಊರಿನಲ್ಲೇ ದುಡಿಮೆಯೂ ಬೇಕು. ಬೆದ್ದಲು ಹೊಲಕ್ಕೆ ನೀರು ಬಂದು, ಗುಳೆ ತಪ್ಪಿದ ದಿನ, ಮಗುವಿಗೆ ಅನ್ನದೊಡನೆ ಅಪ್ಪನೂ ದೊರೆಯುತ್ತಾನೆ.