ಎಣ್ಣೆ ನಿಂತ ನಲವತ್ತು ದಿನ

2020ರ ಮೇ 4ರಂದು ಮದ್ಯದಂಗಡಿಗಳ ಬಾಗಿಲು ತೆರೆದಾಗ ಟೀವಿಯಲ್ಲಿ ಕಂಡಿದ್ದು ಮೈಲುದ್ದದ ಕ್ಯೂ. ಕರ್ನಾಟಕದಲ್ಲಿ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ವ್ಯಾಪಾರ. ನಾವೆಲ್ಲ ನಕ್ಕೆವು. ಅದಕ್ಕೆ ಮುಂಚಿನ ಲಾಕ್‌ಡೌನಿನ ನಲವತ್ತು ದಿನ ಕುಡುಕರ ಮನೆಗಳಲ್ಲಿ ಏನಾಯಿತೆಂದು ಕೇಳಿದವರು ಕಡಿಮೆ.

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯನ್ನೇ ನೋಡಿ: ಕಾಫಿ ತೋಟಗಳ ಸೀಮೆ. ಅದಿರುವ ಹಾಸನ ಜಿಲ್ಲೆಯಲ್ಲಿ ಮೇ 12ರವರೆಗೆ ಒಂದೂ ಕೊರೊನಾ ಪ್ರಕರಣವಿರಲಿಲ್ಲ. ಆದರೆ ರೋಗಕ್ಕಿಂತ ಮೊದಲೇ ಅದರ ಭಯ ಬಂದಿತ್ತು. ಕೂಲಿ ನಿಂತಿತ್ತು, ಸಂತೆ ನಿಂತಿತ್ತು. ಬಟವಾಡೆಯ ಸಂಜೆ ಒಂದು ನೈಂಟಿ ಪ್ಯಾಕೆಟ್ಟಿನಲ್ಲಿ ಮೈಕೈ ನೋವನ್ನೂ ಸಾಲದ ಚಿಂತೆಯನ್ನೂ ಮರೆಯುವುದು ತೋಟದ ಸೀಮೆಗೆ ಹೊಸದಲ್ಲ. ಮರೆಯಬೇಕಾದ್ದು ಹೆಚ್ಚಾದ ಹೊತ್ತಿಗೇ ಪ್ಯಾಕೆಟ್ಟೂ ಮಾಯವಾಯಿತು.

ದಿನವೂ ಕುಡಿಯುವ ಮೈ ಇದನ್ನು ಸುಮ್ಮನೆ ಒಪ್ಪುವುದಿಲ್ಲ. ಮೊದಲ ದಿನವೇ ಕೈ ನಡುಕ: ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಕಾಫಿ ತುಳುಕುತ್ತದೆ. ಬೆವರು, ನಿದ್ದೆಯಿಲ್ಲದ ರಾತ್ರಿ. ಕೆಲವರಿಗೆ ಫಿಟ್ಸ್. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರು ಮೈಮೇಲೆ ಹುಳ ಹರಿಯುತ್ತಿವೆ ಎಂದು ಕೊಡವಲು ಶುರುಮಾಡುತ್ತಾರೆ; ಮನೆಯವರು ಗಾಳಿ ಸೋಕಿತೆಂದು ತಾಯತ ಹುಡುಕುತ್ತಾರೆ. ಇದು ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆ. ಡಯಜೆಪಾಮ್‌ನಂಥ ಮಾತ್ರೆ, ಬಿ-1 ಇಂಜೆಕ್ಷನ್ ಸಕಾಲಕ್ಕೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಬಸ್ಸಿಲ್ಲದ ಏಪ್ರಿಲ್‌ನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಹೇಗೆ? ಹೋದರೂ ‘ಕುಡುಕ’ ಅನ್ನಿಸಿಕೊಳ್ಳುವ ಅಂಜಿಕೆ ಬೇರೆ.

ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ಹೈಕೋರ್ಟ್ ತಡೆಯಿತು, ತಡೆದದ್ದೇ ಸರಿ. ಬೇಕಿದ್ದದ್ದು ಮದ್ದು, ಮದ್ಯವಲ್ಲ. ಎರಡೂ ಸಿಗದಾಗ ಏನಾಗುತ್ತದೆಂಬುದಕ್ಕೆ ಆಂಧ್ರದ ಕುರಿಚೇಡೇ ಸಾಕ್ಷಿ: ಅಲ್ಲಿ ಆ ಜುಲೈ ಕೊನೆಗೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಇನ್ನು ಹೆಂಗಸರ ಲೆಕ್ಕವೇ ಬೇರೆ. ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದವರು ಅವರೇ. ಗಂಡನ ನಡುಕ ಕಂಡು ಮರುಗಿದವಳಿಗೂ ಆ ನಲವತ್ತು ದಿನ ಮನೆಯಲ್ಲಿ ದುಡ್ಡು ಉಳಿದದ್ದು ಸುಳ್ಳಲ್ಲ.

ಅಂಗಡಿ ತೆರೆದ ಮೂರನೆಯ ದಿನಕ್ಕೇ ನಮ್ಮ ಸರ್ಕಾರ ಅಬಕಾರಿ ಸುಂಕ ಏರಿಸಿತು. 2021ರ ಎರಡನೇ ಅಲೆಯಲ್ಲಿ ಪಾಠ ಕಲಿತಿತ್ತು: ಬೆಳಿಗ್ಗೆ 6ರಿಂದ 10ರವರೆಗೆ ಮದ್ಯದ ಪಾರ್ಸೆಲ್‌ಗೆ ಅವಕಾಶ. ನಡುಕದ ಮಾತ್ರೆ ಹಳ್ಳಿಯಲ್ಲಿ ಎಷ್ಟು ಗಂಟೆಗೆ ಸಿಗುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ.