ಇಲ್ಲದುದರ ಶೋಧ: ಎಳೆಯ ಕಣ್ಣಿನ ಅರ್ಬುದ ತೋರಿದ ದಾರಿ

ಇರುವ ವಸ್ತುವನ್ನು ಹುಡುಕಬಹುದು, ಇಲ್ಲದುದನ್ನು ಹುಡುಕುವುದೆಂತು? ಲೆಕ್ಕ ಬರೆಯುವ ನಮ್ಮ ವಾಚಕರಿಗೆ ಈ ತೊಡಕು ಹೊಸದಲ್ಲ. ಲೆಡ್ಜರಿನಲ್ಲಿ ತಪ್ಪು ಅಂಕೆಯಿದ್ದರೆ ಅದು ಎಂದಾದರೊಮ್ಮೆ ಕಣ್ಣಿಗೆ ಬೀಳುತ್ತದೆ. ಪುಟವೇ ಹರಿದುಹೋಗಿದ್ದರೆ ಅದರಲ್ಲಿ ಏನಿತ್ತೆಂದು ಹೇಳುವವರಾರು? ಕ್ಯಾನ್ಸರಿನ ಮೂಲವನ್ನು ಅರಸಿದ ವಿಜ್ಞಾನಿಗಳು ಇಂಥದೇ ಹರಿದ ಪುಟವೊಂದರ ಬೆನ್ನು ಹತ್ತಿದರು. ಅವರಿಗೆ ದಾರಿ ತೋರಿಸಿದುದು ಎಳೆಯ ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮ ಎಂಬ ಅರ್ಬುದ.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಹುಟ್ಟುವ ಈ ಗಂಟು ಬಹುಮಟ್ಟಿಗೆ ಐದು ವರ್ಷ ತುಂಬುವುದರೊಳಗೇ ತಲೆದೋರುತ್ತದೆ. ಕೆಲವು ಮಕ್ಕಳಿಗೆ ಒಂದೇ ಕಣ್ಣಿನಲ್ಲಿ, ಕೆಲವರಿಗೆ ಎರಡರಲ್ಲಿಯೂ. ಕೆಲವು ಮನೆತನಗಳಲ್ಲಿ ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವುದೂ ಉಂಟು.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ೪೬ ವರ್ಣತಂತುಗಳು ೨೩ ಜೋಡಿಗಳಾಗಿ ಇವೆ. ಜೋಡಿಯಲ್ಲಿ ಒಂದು ತಂದೆಯದು, ಇನ್ನೊಂದು ತಾಯಿಯದು. ಒಂದೇ ಲೆಕ್ಕಕ್ಕೆ ಎರಡು ಪ್ರತಿಗಳಿದ್ದಂತೆ. ೧೯೬೩ರಲ್ಲಿ ಲಂಡನ್ನಿನ ಲೇಲೆ, ಪೆನ್‌ರೋಸ್ ಮತ್ತು ಸ್ಟಾಲರ್ಡ್ ಅವರು ಈ ರೋಗವಿದ್ದವರೊಬ್ಬರ ವರ್ಣತಂತುವಿನಲ್ಲಿ ಒಂದು ತುಂಡು ಇಲ್ಲದಿರುವುದನ್ನು ಕಂಡು ಪ್ರಕಟಿಸಿದರು. (ಲೇಲೆ ಎಂಬ ಹೆಸರು ಪುಣೆಯ ನಮ್ಮ ವಾಚಕರ ಕಿವಿಗೆ ಪರಿಚಿತವಾಗಿಯೇ ಕೇಳೀತು.) ಕಳೆದುಹೋಗುವ ಆ ತುಂಡು ೧೩ನೆಯ ವರ್ಣತಂತುವಿನದೆಂಬುದು ಮುಂದೆ ಸ್ಥಿರಪಟ್ಟಿತು.

೧೯೭೧ರಲ್ಲಿ ಅಮೇರಿಕದ ಹ್ಯೂಸ್ಟನ್ ನಗರದ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯರು ೪೮ ರೋಗಿಗಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಅವರ ಕೈಯಲ್ಲಿದ್ದುದು ಸೂಕ್ಷ್ಮದರ್ಶಕವಲ್ಲ. ಆಸ್ಪತ್ರೆಯ ಕಾಗದಪತ್ರಗಳು ಹಾಗೂ ಗಣಿತ. ಗುಮಾಸ್ತಿಕೆಯನ್ನು ಹಗುರಾಗಿ ಕಾಣುವವರು ಇದನ್ನು ಗಮನಿಸಬೇಕು. ಎರಡೂ ಕಣ್ಣುಗಳಲ್ಲಿ ಗಂಟಾದ ಮಕ್ಕಳಿಗೆ ರೋಗ ಬೇಗ ಬಂದಿತ್ತು. ಒಂದೇ ಕಣ್ಣಿನವರಿಗೆ ತಡವಾಗಿ. ರೋಗ ಹುಟ್ಟಲು ಎರಡು ಪೆಟ್ಟುಗಳು ಬೀಳಬೇಕು ಎಂದು ಅವರು ತರ್ಕಿಸಿದರು. ಮನೆತನದಲ್ಲಿ ರೋಗವಿರುವ ಮಗು ಮೊದಲನೆಯ ಪೆಟ್ಟನ್ನು ಹೊತ್ತೇ ಹುಟ್ಟುತ್ತದೆ. ಅದಕ್ಕೆ ಇನ್ನೊಂದೇ ಸಾಕು. ಉಳಿದವರಿಗೆ ಎರಡೂ ಒಂದೇ ಕೋಶದ ಮೇಲೆ ಬೀಳಬೇಕಾದುದರಿಂದ ಅದು ಅಪರೂಪ. ಅಂದರೆ ಕೋಶದ ಬೆಳವಣಿಗೆಗೆ ಲಗಾಮು ಹಾಕುವ ವಂಶವಾಹಿಯೊಂದು ಇದ್ದಿರಬೇಕು. ಅದರ ಎರಡು ಪ್ರತಿಗಳೂ ಹಾಳಾದಾಗಲೇ ಅನಾಹುತ.

ತರ್ಕ ಚೆನ್ನಾಗಿತ್ತು, ಆದರೆ ಪುರಾವೆ ಬೇಡವೇ? ೧೯೮೩ರಲ್ಲಿ ಕೆವೆನೀ, ವೈಟ್ ಮೊದಲಾದವರು ಒಬ್ಬನೇ ರೋಗಿಯ ರಕ್ತವನ್ನೂ ಗಂಟನ್ನೂ ತಾಳೆ ನೋಡಿದರು. ರಕ್ತದಲ್ಲಿ ೧೩ನೆಯ ವರ್ಣತಂತುವಿನ ಎರಡು ಬಗೆಯ ಗುರುತುಗಳಿದ್ದ ಕಡೆ, ಹಲವು ಗಂಟುಗಳಲ್ಲಿ ಒಂದೇ ಉಳಿದಿತ್ತು. ವಂಶದಿಂದ ರೋಗ ಬಂದವರಲ್ಲಿ ಕಳೆದುಹೋದುದು ಒಳ್ಳೆಯ ಪ್ರತಿಯೇ ಎಂಬುದೂ ಬಳಿಕ ತಿಳಿಯಿತು.

ಇನ್ನು ಉಳಿದುದು ಪುಟವನ್ನು ಓದುವುದು. ಬಾಸ್ಟನ್ನಿನ ಕಣ್ಣಿನ ವೈದ್ಯ ಡ್ರೈಜಾ ಅವರು ೧೩ನೆಯ ವರ್ಣತಂತುವಿನಿಂದ ಡಿಎನ್ಎಯ ಚೂರುಗಳನ್ನು ಆಯ್ದು, ಒಂದೊಂದನ್ನೂ ಗಂಟುಗಳ ಡಿಎನ್ಎಯೊಡನೆ ಒರೆಹಚ್ಚಿದರು. ಒಂದು ಚೂರು ಕೆಲವು ಗಂಟುಗಳಲ್ಲಿ ಸಂಪೂರ್ಣ ಮಾಯವಾಗಿತ್ತು. ಎರಡು ಪ್ರತಿಗಳಲ್ಲಿಯೂ ಇಲ್ಲ! ಆ ಚೂರಿನ ಆಸುಪಾಸನ್ನು ಶೋಧಿಸಿದಾಗ, ೧೯೮೬ರಲ್ಲಿ, ಫ್ರೆಂಡ್, ವೈನ್‌ಬರ್ಗ್ ಹಾಗೂ ಡ್ರೈಜಾ ಅವರಿಗೆ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಆರ್‌ಬಿ೧ ಎಂಬ ಅದು ತಯಾರಿಸುವ ಪ್ರೋಟೀನು, ಕೋಶವು ಹೊತ್ತಲ್ಲದ ಹೊತ್ತಿನಲ್ಲಿ ಇಬ್ಭಾಗವಾಗದಂತೆ ತಡೆಯುವ ಕಾವಲುಗಾರ. ಅರ್ಬುದವನ್ನು ತಡೆಯುವ ವಂಶವಾಹಿಗಳಲ್ಲಿ ಹೀಗೆ ಮೊದಲು ಹಿಡಿಯಲಾದುದು ಇದೇ.

ಇದೇ ಕ್ರಮದಲ್ಲಿ ಬೇರೆ ಕಾವಲುಗಾರರ ಬೇಟೆಯೂ ನಡೆಯಿತು. ಆದರೆ ಕ್ಯಾನ್ಸರ್ ಕೋಶವು ಕಂಡಾಬಟ್ಟೆ ಪುಟ ಹರಿಯುವ ಪ್ರಾಣಿ. ಹರಿದ ಪುಟದಲ್ಲೆಲ್ಲ ಕಾವಲುಗಾರನಿರುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ೧೮ನೆಯ ವರ್ಣತಂತುವಿನ ತುಂಡು ಮೇಲಿಂದ ಮೇಲೆ ಕಾಣೆಯಾಗುತ್ತಿದ್ದುದರಿಂದ ೧೯೯೦ರಲ್ಲಿ ಅಲ್ಲಿ ಡಿಸಿಸಿ ಎಂಬುದನ್ನು ಗುರುತಿಸಿದರು. ೧೯೯೬ರಲ್ಲಿ ಮೇದೋಜೀರಕದ ಕ್ಯಾನ್ಸರನ್ನು ಪರೀಕ್ಷಿಸಿದವರಿಗೆ ಅದೇ ನೆರೆಯಲ್ಲಿ ಡಿಪಿಸಿ೪ ಎಂಬ ಮತ್ತೊಂದು ದೊರೆಯಿತು. ಮೊದಲನೆಯದರ ವಿಷಯದಲ್ಲಿ ವಿವಾದ ಬಹುಕಾಲ ನಡೆಯಿತು. ಎರಡನೆಯದು ನಿಜವಾದ ಕಾವಲುಗಾರನೆಂದು ನೆಲೆಗೊಂಡಿತು.

ಸಂಸಾರವನ್ನು ಊರಲ್ಲಿ ಬಿಟ್ಟು ಹೋಟೆಲಿನಲ್ಲಿ ದುಡಿಯುವ ನಮ್ಮ ಬಾಂಧವರು ಮಗುವಿನ ಮುಖ ಕಾಣುವುದು ಹೆಚ್ಚಾಗಿ ಮೊಬೈಲಿನ ಚಿತ್ರದಲ್ಲಿ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಒಂದು ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅಥವಾ ಹೊಸದಾಗಿ ಮೆಳ್ಳೆಗಣ್ಣು ಕಂಡರೆ, ಮುಂದಿನ ರಜೆಗೆ ಕಾಯದೆ ಮನೆಯವರಿಗೆ ಹೇಳಿ ಮಗುವನ್ನು ಕಣ್ಣಿನ ವೈದ್ಯರ ಬಳಿಗೆ ಕಳುಹಿಸಬೇಕು. ಅದು ಪೊರೆಯೋ ಬೇರೇನೋ ಆಗಿರಬಹುದು. ಈ ರೋಗವೇ ಆದರೂ ಬೇಗ ತಿಳಿದರೆ ಬಹುಪಾಲು ಮಕ್ಕಳ ಜೀವ ಉಳಿಯುತ್ತದೆ, ಅನೇಕರ ಕಣ್ಣೂ ಉಳಿಯುತ್ತದೆ. ಚೆನ್ನೈಯ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು.

ರೋಗಿಯ ರಕ್ತದಲ್ಲಿ ಆರ್‌ಬಿ೧ರ ದೋಷವು ಗೊತ್ತಾದರೆ ಅದೇ ದೋಷವನ್ನು ತಮ್ಮ ತಂಗಿಯರ ರಕ್ತದಲ್ಲಿಯೂ ಹುಡುಕಬಹುದು. ಇದ್ದವರನ್ನು ಹುಟ್ಟಿದ ಕೂಡಲೇ ಕಾಯಲು ಆರಂಭಿಸುತ್ತಾರೆ. ಇಲ್ಲದ ಮಕ್ಕಳಿಗೆ ಮತ್ತೆ ಮತ್ತೆ ಅರಿವಳಿಕೆ ಕೊಟ್ಟು ಕಣ್ಣು ನೋಡುವ ಹಿಂಸೆ ತಪ್ಪುತ್ತದೆ.